ಕೋಟೆ ಬಾಗಿಲಲ್ಲಿ ಕೂತಿದ್ದ ಚಾಚಿ

ಮೊನ್ನೆ ಜಗಳೂರು ಬಸ್ ಸ್ಟ್ಯಾಂಡಿನ ಅಂಗಡಿಯೊಂದರಲ್ಲಿ ಚಿತ್ರದುರ್ಗದ ಕೋಟೆಯ ಕಾರ್ಡುಗಳನ್ನು ನೇತುಹಾಕಿದ್ದರು. ಒಂದನ್ನು ಕೈಗೆತ್ತಿಕೊಂಡೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಅದರಲ್ಲಿದ್ದ ಬಾಗಿಲನ್ನು ನೋಡಿದ್ದೇ ತಡ, ಗುರುತು ಹತ್ತಿತು. ಅದು ನಮ್ಮ ಸಂತೇಬೆನ್ನೂರಿನ ಸ್ಟುಡಿಯೋ ಚಾಚಾ ತೆಗೆದ ಚಿತ್ರ...

ಚಾಚಾ ನಮ್ಮ ಪಕ್ಕದ ಮನೆಯವರು. ರಂಜಾನ್ ಹಬ್ಬ ಮುಗಿದ ಮೇಲೆ ಚಾಚಿಯನ್ನು ಕರೆದುಕೊಂಡು ದುರ್ಗಕ್ಕೆ ಹೋಗಿ, ಕೋಟೆಯ ಬಾಗಿಲುಗಳ ಫೋಟೊ ತೆಗೆದು, ಕಾರ್ಡು ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ಖಾಲಿ ಬಾಗಿಲನ್ನು ಎಂದೂ ತೆಗೆದವರಲ್ಲ. ಯಾರಾದರೂ ದಾಟಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದರು. "ಮನುಷ್ಯರು ಓಡಾಡ್ದಿದ್ರೆ ಅದು ಬಾಗ್ಲು ಹೆಂಗಾಗ್ತೈತ್ರೀ?" ಎನ್ನುವರು. ಒಂದು ಸಲ ಯಾರೂ ಬರಲಿಲ್ಲ. ಕಾದು ಬೇಸತ್ತ ಚಾಚಿ, ಬುರ್ಖಾದ ಮುಸುಕು ಸರಿಸಿ, ಬಾಗಿಲ ಕಲ್ಲಿನ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದರು. ಚಾಚಾ ಫೋಟೊ ತೆಗೆದೇಬಿಟ್ಟರು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಚಾಚಿ ಅಂದು ನಕ್ಕಿದ್ದರು.

ಅದೇ ವರ್ಷ ಚಾಚಿ ತೀರಿಕೊಂಡರು. ಊರಿಗೆಲ್ಲ ಫೋಟೊ ತೆಗೆದವರ ಬಳಿ ಹೆಂಡತಿಯದೆಂದು ಇದ್ದದ್ದು ಅದೊಂದೇ. ನೆಗೆಟಿವ್‌ಗೆ ಬೂಷ್ಟು ಹಿಡಿಯಿತು, ಕಾರ್ಡುಗಳು ಮಾರಿಹೋಗಿದ್ದವು. ಉಳಿದ ಕೊನೆಯ ಕಾರ್ಡನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು.

ಕ್ಯಾಲೆಂಡರ್ ಮಾಡಿಸುವ ಮಹಾಶಯನೊಬ್ಬ ಬಂದ. ಬಿಳಿ ಅಂಗಿ, ಬೆಣ್ಣೆಯಂಥ ಮಾತು. "ಕೊಡ್ರಿ ಚಾಚಾ, ನಾಳೆನೇ ತಂದ್ಕೊಡ್ತೀನಿ" ಎಂದು ಕಾರ್ಡನ್ನು ಒಯ್ದ. ಆ ನಾಳೆ ಬರಲೇ ಇಲ್ಲ. ಚಾಚಾ ಅವನ ಮನೆಗೆ ಅಲೆದು ಅಲೆದು ಸೋತರು. ಒಮ್ಮೆ ನಾನೂ ಜೊತೆಗೆ ಹೋದೆ.

"ಎಲ್ಲೋ ಕಳ್ದೈತೆ ಬಿಡ್ರಿ, ಒಂದು ಕಾರ್ಡಿಗೆ ಇಷ್ಟ್ಯಾಕೆ?" ಎಂದವನು ಹೊಸ ಕ್ಯಾಲೆಂಡರನ್ನು ಸುತ್ತಿ ಚಾಚಾನ ಕೈಗಿಟ್ಟ. ಬಿಚ್ಚಿದರೆ ಕೋಟೆ ಇತ್ತು, ಬಾಗಿಲಿತ್ತು, ಚಾಚಿ ಕೂತಿದ್ದಲ್ಲಿ ಬರೀ ಕಲ್ಲು. "ಬುರ್ಖಾದೋರು ಇದ್ರೆ ಜನ ಮನ್ಯಾಗೆ ತೂಗ್ಹಾಕಲ್ಲ. ತಪ್ಪು ತಿಳ್ಕಬ್ಯಾಡ್ರಿ" ಎಂದು ಹಲ್ಲು ಕಿರಿದ. ಥೂ! ಕದ್ದದ್ದಲ್ಲದೆ ಅಳಿಸಿದ, ಅಳಿಸಿದ್ದಲ್ಲದೆ ನಕ್ಕ. ಆ ಮುಖ ನೆನೆದರೆ ಇಂದಿಗೂ ನನಗೆ ಅಸಹ್ಯವಾಗುತ್ತದೆ.

ಚಾಚಾ ಜಗಳವಾಡಲಿಲ್ಲ. ಆ ಕಲ್ಲಿನ ಮೇಲೆ ಹೆಬ್ಬೆರಳಾಡಿಸಿ, "ಇಲ್ಲೇ ಕುಂತಿದ್ಳು..." ಎಂದರು. ಆಮೇಲೆ ಅವರು ದುರ್ಗದ ಕಡೆ ತಲೆ ಹಾಕಲಿಲ್ಲ. ಈಗ ಅವರೂ ಇಲ್ಲ. ಚಾಚಿಯ ಮುಖವನ್ನು ನೆನೆಯಲು ಹೋದರೆ ನನಗೂ ಸರಿಯಾಗಿ ಸಿಗುತ್ತಿಲ್ಲ...

ಜಗಳೂರಿನ ಈ ಕಾರ್ಡಿನಲ್ಲೂ ಅದೇ ಬೋಳು ಕಲ್ಲು. ಅದರ ಮೇಲೇ ಕಣ್ಣು ನೆಟ್ಟು ನಿಂತಿದ್ದೆ. ನಾನೇನೋ ಕೊಳೆ ಹುಡುಕುತ್ತಿದ್ದೇನೆ ಎಂದುಕೊಂಡರೇನೋ ಅಂಗಡಿಯವರು.

"ಹೊಸಾದೈತ್ರೀ. ಒಂದು ಕಲೆನೂ ಇಲ್ಲ, ನೋಡ್ಕಳ್ರಿ."