ನೀರಿಗೆ ಬಿಟ್ಟುಕೊಟ್ಟ ಮನೆ

ಮೇಸ್ತ್ರಿ ತನಗೆಂದು ಕಟ್ಟಿಕೊಂಡದ್ದು ಒಂದೇ ಮನೆ. ಅದನ್ನು ಕೆಡವಿದ್ದೂ ಅವನೇ.

ಜಲಾಶಯ ತುಂಬಿದರೆ ಊರು ಮುಳುಗುತ್ತದೆ, ಅಷ್ಟರೊಳಗೆ ಮನೆಗಳನ್ನು ಕೆಡವಬೇಕು ಎಂದು ಅಧಿಕಾರಿಗಳು ಹೇಳಿದಾಗ ಆ ಕೆಲಸಕ್ಕೆ ಯಾರೂ ಕೈ ಹಾಕಲಿಲ್ಲ. ಮೇಸ್ತ್ರಿ ಒಪ್ಪಿಕೊಂಡ. ನಾಳೆ ಯಾರೂ ತನ್ನತ್ತ ಬೆರಳು ತೋರಿಸಬಾರದೆಂದು ಮೊದಲ ಹಾರೆ ಏಟನ್ನು ತನ್ನ ಮನೆಗೇ ಹಾಕಿದ. ಎಂಥ ನ್ಯಾಯವಂತ ನೋಡಿ. ಹೆಂಡತಿಯನ್ನು ಒಂದು ಮಾತು ಕೇಳಬೇಕೆಂಬ ನ್ಯಾಯ ಮಾತ್ರ ಅವನಿಗೆ ಹೊಳೆಯಲಿಲ್ಲ. ಅವನ ಮನೆ ಬಿದ್ದದ್ದನ್ನು ಕಂಡು ಉಳಿದವರೂ ತೆಪ್ಪಗೆ ಗಂಟುಮೂಟೆ ಕಟ್ಟಿದರು. ಪಕ್ಕದ ಮನೆಯಲ್ಲಿದ್ದ ಅವನ ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

“ನೀರು ಬಾಗಿಲಿಗೆ ಬರ್ಲಿ, ನಾನೇ ಎದ್ದು ಬರ್ತೀನಿ,” ಅಂದಳು.

ನೀರು ಬರಲಿಲ್ಲ. ಹೊಳೆಯ ಮೇಲುಭಾಗದಲ್ಲಿ ಇನ್ನೊಂದು ಅಣೆಕಟ್ಟು ಎದ್ದಿತು, ಮಳೆಯೂ ಕೈಕೊಡುತ್ತ ಬಂತು. ಪ್ರತಿ ವರ್ಷ ನೀರು ಊರ ಕೆಳಗಿನ ಇಳಿಜಾರಿಗೆ ಬಂದು ನಿಂತುಬಿಡುತ್ತಿತ್ತು. ಹೊಸ ಬಡಾವಣೆಯಲ್ಲಿ ಕೂತು ಅದರ ಸುದ್ದಿ ಕೇಳಿ ಕೇಳಿ ಮೇಸ್ತ್ರಿ ಹೈರಾಣಾದ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದೇ ಒಂದು ಸಲ ನೀರು ಹಳೆಯ ಊರಿನ ತಮ್ಮ ಬೀದಿಗೆ ಏರಲಿ, ಕೆಡವಿದ್ದು ದಂಡವಾಗದಿರಲಿ ಎಂಬುದಷ್ಟೇ ಅವನ ಆಸೆ. ಏರಿದರೆ ಅಕ್ಕನ ಮನೆಯೂ ಹೋಗುತ್ತದೆಂದು ಗೊತ್ತಿದ್ದೇ ಆಸೆಪಡುತ್ತಿದ್ದ. ಆ ನಾಚಿಕೆಗೆ ಅವಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದ.

ಈ ವರ್ಷ ಮಳೆ ಬಿಡದೆ ಹೊಡೆಯಿತು. ಈ ಸಲ ತುಂಬೇ ತುಂಬುತ್ತದೆ ಎಂದರು ಎಲ್ಲರೂ. ಮಳೆ ನಿಂತ ಮೇಲೆ ಮೇಸ್ತ್ರಿ ತಡೆಯಲಾರದೆ, ನೋಯುವ ಮಂಡಿ ಎಳೆದುಕೊಂಡು ಹಳೆಯ ಊರಿಗೆ ಹೊರಟ. ನೀರು ಬೀದಿಯ ತುದಿಯ ಬಾವಿಕಟ್ಟೆಯವರೆಗೆ ಬಂದು ಆಗಲೇ ಹಿಂದೆ ಸರಿದಿತ್ತು. ಅಕ್ಕನ ಮನೆ ಹಾಗೇ ನಿಂತಿತ್ತು. ಎರಡೂ ಮನೆಗೆ ಸೇರಿದ್ದ ಗೋಡೆ ಈಗ ಅವಳದೊಬ್ಬಳದೇ. ಅದರ ಹೊರಮೈಯಲ್ಲಿ ಅವನ ಅಡುಗೆಮನೆಯ ಮಸಿ ಇನ್ನೂ ಅಂಟಿಕೊಂಡಿತ್ತು.

ಒಳಗೆ ಕಾಲಿಟ್ಟರೆ ಮನೆಯೆಲ್ಲ ಭಣಭಣ. ಪಾತ್ರೆ, ಹಾಸಿಗೆ, ಬಟ್ಟೆ ಎಲ್ಲ ಗಂಟಾಗಿ ಬಾಗಿಲ ಬಳಿ ಬಂದಿದ್ದವು. ಒಂದು ಗಂಟಿನ ಮೇಲೆ ಅಕ್ಕ ಕೂತಿದ್ದಳು.

“ಎಲ್ಲಿಗೆ ಹೊರಟಿದ್ದೀಯ?”

“ಎಲ್ಲಿಗೂ ಇಲ್ಲ. ಈ ಸಲ ನೀರು ಬರುತ್ತೆ ಅಂದ್ಕೊಂಡಿದ್ದೆ ಕಣೋ. ಬರ್ಲಪ್ಪಾ ಅಂತ ಬೇಡ್ಕೊಂಡೆ ಕೂಡ.”

“ನಿನಗೇನು ತಲೆ ಕೆಟ್ಟಿದೆಯಾ? ಉಳಿದಿರೋದೇ ಇದೊಂದು ಮನೆ.”

“ಇದು ನಿಂತಿರೋ ತನಕ ನೀನು ಈ ಕಡೆ ತಲೆ ಹಾಕಲ್ಲ. ಮುಳುಗಿದ್ರೆ ನಿನ್ನ ಮನೆಗಾದ್ರೂ ಬಂದು ಇರಬಹುದಿತ್ತು.”

ಈ ಮನೆ ಮುಳುಗಲೆಂದು ಬಯಸುವ ಪಾಪಿ ತಾನೊಬ್ಬನೇ ಎಂದು ಮೇಸ್ತ್ರಿ ಇಷ್ಟು ವರ್ಷ ತಿಳಿದಿದ್ದ. ಅಕ್ಕನ ಕೈ ಹಿಡಿದು ಎಬ್ಬಿಸಿ, ಅವಳು ಕೂತಿದ್ದ ಗಂಟನ್ನು ಬಿಚ್ಚಿದ.

“ಈ ಕೊಡ ಎಲ್ಲಿಡ್ಲಿ, ಅಕ್ಕಾ?”

“ಅದೂ ಮರೆತುಹೋಯ್ತಾ ನಿನಗೆ?” ಅಂದಳು ಅಕ್ಕ.