‘ಬರಬೇಡ’ದಲ್ಲಿ ನಿಂತ ಹಾಡು

ಪೆರ್ನಿಕ್ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವ ಪೆಂಕೊನಿಗೆ ಐವತ್ತು ದಾಟಿ ಕೆಲವು ವರ್ಷವಾಯಿತು. ಮುಂದಲೆ ಪೂರ್ತಿ ಬೋಳು, ಹಿಂದೆ ಮಾತ್ರ ಭುಜದ ತನಕ ಇಳಿಬಿಟ್ಟ ಕೂದಲು. ಮದುವೆಯಾಗಿತ್ತು, ಬಹಳ ದಿನ ಬಾಳಲಿಲ್ಲ. ಆಳು ಒಳ್ಳೆಯವನೇ, ಆದರೆ ಮನಸ್ಸನ್ನು ಎಲ್ಲೋ ಇಟ್ಟು ಬಂದಿದ್ದಾನೆ ಎಂದು ಹೆಂಡತಿ ದೂರಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಮನಸ್ಸು ಒಂದು ಹಾಡಿನಲ್ಲಿತ್ತು.

ಎಂಥ ಗದ್ದಲದ ಹೆವಿ ಮೆಟಲ್ ತಂಡವೂ ಆಲ್ಬಮ್ಮಿಗೊಂದು ನಿಧಾನದ ವಿರಹದ ಹಾಡು ಹಾಡದೆ ಬಿಡುವುದಿಲ್ಲ. ಬ್ಯಾಲಡ್ ಎನ್ನುತ್ತಾರೆ ಅದಕ್ಕೆ. ‘ಬೂದಿ ರೆಕ್ಕೆ’ ಎಂಬ, ಈಗ ಯಾರಿಗೂ ನೆನಪಿಲ್ಲದ ಇಂಗ್ಲಿಷ್ ತಂಡದ ಅಂಥದ್ದೊಂದು ಹಾಡಿಗೆ ಇಡೀ ಪೆರ್ನಿಕ್ ಮನಸೋತಿತ್ತು. ಆಗೆಲ್ಲ ಹೊರದೇಶದ ರೆಕಾರ್ಡು ಅಂಗಡಿಗೆ ಬರುತ್ತಿರಲಿಲ್ಲ. ಮಾರುಕಟ್ಟೆಯ ಗೂಡಂಗಡಿಯವನೊಬ್ಬ ಎಲ್ಲಿಂದಲೋ ಒಂದನ್ನು ತಂದು ಊರಿಗೆಲ್ಲ ಕ್ಯಾಸೆಟ್ ಮಾಡಿಕೊಟ್ಟ. ಆಲ್ಬಮ್ ಉದ್ದ, ಟೇಪು ಗಿಡ್ಡ. ಕೊನೆಯ ಹಾಡು ‘ಬರಬೇಡ ನನ್ನ ಹಿಂದೆ’ ಎನ್ನುವ ಹೊತ್ತಿಗೆ ಟೇಪು ಮುಗಿದು ಟೇಪ್‌ರೆಕಾರ್ಡರಿನ ಗುಂಡಿ ‘ಟಕ್’ ಎಂದು ಮೇಲೇಳುತ್ತಿತ್ತು. ಮುಗಿದದ್ದು ಹಾಡಲ್ಲ, ಟೇಪು ಎಂದು ಅನುಮಾನ ಬಂದವರೂ ಸುಮ್ಮನಾದರು. ಇವತ್ತಿಗೂ ಪೆರ್ನಿಕ್ಕಿನವರು ಆ ಹಾಡು ಹಾಡಿದರೆ ಅಲ್ಲಿಗೇ ನಿಲ್ಲಿಸಿ, ನಾಲಿಗೆಯಲ್ಲಿ ಒಂದು ಸಲ ‘ಟಕ್’ ಅನ್ನುತ್ತಾರೆ.

ಕ್ಯಾಸೆಟ್ ಬಂದ ಆ ಚಳಿಗಾಲ, ಪೆಂಕೊ ಮೆಚ್ಚಿದ್ದ ಹುಡುಗಿ ವೆಸೆಲಾಳ ಅಪ್ಪನಿಗೆ ದೂರದ ಬುರ್ಗಾಸ್ ಬಂದರಿನಲ್ಲಿ ಕೆಲಸವಾಯಿತು. ಸ್ಟೇಷನ್ನಿನಲ್ಲಿ ಪೆಂಕೊ, “ನಾನೂ ಅಲ್ಲಿಗೇ ಬಂದುಬಿಡ್ಲಾ?” ಎಂದು ಕೇಳಿದ. ಹದಿನೆಂಟರ ಹುಡುಗಿ ನೆಟ್ಟಗೆ ಉತ್ತರ ಕೊಟ್ಟಾಳೆಯೇ? “ನಮ್ಮ ಹಾಡು ಕೇಳು. ಅದರ ಕೊನೇ ಮಾತೇ ನನ್ನ ಮಾತು” ಎಂದು ರೈಲು ಹತ್ತಿದಳು. ಪೆಂಕೊ ಮನೆಗೆ ಹೋಗಿ ಕೇಳಿದ. ‘ಬರಬೇಡ ನನ್ನ ಹಿಂದೆ.’ ಟಕ್. ಅವನು ಹೋಗಲಿಲ್ಲ. ಆಮೇಲೆ ಬೇರೆ ಯಾವ ಹುಡುಗಿಯ ಮಾತೂ ಅವನ ಕಿವಿಗೆ ಅಷ್ಟು ಆಳಕ್ಕೆ ಇಳಿಯಲಿಲ್ಲ.

ಈ ಸಲ ಸೆಪ್ಟೆಂಬರಿನಲ್ಲಿ ಗೆಳೆಯ ಸ್ತೊಯಿಲ್‌ನ ಗ್ಯಾರೇಜಿನ ಮುಂದೆ ಎಂದಿನಂತೆ ಕೆಂಪು ದೊಣ್ಣೆಮೆಣಸು ಸುಡುತ್ತಿದ್ದರು. ಚಳಿಗಾಲದ ಗೊಜ್ಜಿಗೆ ಅದು ಬೇಕೇ ಬೇಕು. ಮೆಣಸು ಸುಡುವಾಗ ಹಾಡಿನ ಜಗಳವೂ ಬೇಕು. ಜರ್ಮನಿಯಲ್ಲಿ ಬಹುಕಾಲ ದಾದಿಯಾಗಿದ್ದು ಊರಿಗೆ ಮರಳಿದ ಲ್ಯುಡ್ಮಿಲಾಳೂ ಸಿಪ್ಪೆ ಸುಲಿಯುತ್ತ ಕೂತಿದ್ದಳು. ಅವಳು ವೆಸೆಲಾಳ ಚಿಕ್ಕಮ್ಮನ ಮಗಳು. ಪೆಂಕೊನ ಮುಖ ಕಂಡರೇ ಅವಳಿಗೆ ಆಗುತ್ತಿರಲಿಲ್ಲ.

“ಮೆಟಲ್‌ನೋರು ಅಳೋದು ಅಂದ್ರೆ ಮೊಸರಿಗೆ ಸಕ್ಕರೆ ಹಾಕಿದ ಹಾಗೆ ಕಣೋ,” ಎಂದ ಸ್ತೊಯಿಲ್. “ಡ್ರಮ್ಮಿನವನಿಗೆ ಕೆಲಸಾನೇ ಇಲ್ಲ. ಪಾಪ, ನಿದ್ದೆ ಮಾಡ್ತಿದ್ದ ಅಂತ ಕಾಣತ್ತೆ.”

“ನಿನ್ನ ತಲೆ! ಆ ಕೊನೆ ಇದೆಯಲ್ಲ, ಅದಕ್ಕೇ ಅದು ದೊಡ್ಡ ಹಾಡು,” ಪೆಂಕೊ ಕಾವೇರಿದ. “ಬೇರೆಯವರು ಗೋಗರೀತಾರೆ. ಇವನು ‘ಬರಬೇಡ’ ಅಂದ, ಬಾಗಿಲು ಹಾಕ್ಕೊಂಡ. ಟಕ್. ಅದಾದ ಮೇಲೆ ಏನಿದೆ ಹೇಳೋಕೆ?”

ಲ್ಯುಡ್ಮಿಲಾ ಚಾಕು ಕೆಳಗಿಟ್ಟಳು. “ಏನದು ಟಕ್ಕು?”

“ಹಾಡು ಮುಗಿಯೋದೇ ಹಾಗಲ್ವೇನಮ್ಮ?” ಎಂದ ಸ್ತೊಯಿಲ್.

“ಯಾರಪ್ಪ ಹೇಳಿದ್ದು? ನಮ್ಮ ಮಾವ ಹ್ಯಾಂಬರ್ಗಿನಿಂದ ಕಳ್ಸಿದ್ದ ರೆಕಾರ್ಡಲ್ಲಿ ನಾನೂ ವೆಸೆಲಾನೂ ದಿನಾ ಕೇಳ್ತಿದ್ವಿ. ನಿಮ್ಮ ಗೂಡಂಗಡಿ ಕ್ಯಾಸೆಟ್ಟು ಕೇಳಿದೋರೇ ಅಲ್ಲ,” ಎಂದವಳು ಮಸಿ ಕೈಯನ್ನು ಒರೆಸಿಕೊಂಡು ಫೋನಿನಲ್ಲಿ ಹುಡುಕಿ, ಹಾಡು ಹಚ್ಚಿದಳು.

ಗಿಟಾರು ಬಂತು. ಪೆಂಕೊನ ತುಟಿ ಜೊತೆಗೇ ಆಡತೊಡಗಿತು. ‘ಬರಬೇಡ ನನ್ನ ಹಿಂದೆ’ ಎಂದಿತು ಹಾಡು. ಸ್ತೊಯಿಲ್ ಅಭ್ಯಾಸಬಲದಿಂದ ‘ಟಕ್’ ಎಂದ. ಹಾಡು ನಿಲ್ಲಲಿಲ್ಲ. ಗಾಯಕ ಉಸಿರೆಳೆದುಕೊಂಡು ಅದೇ ಸಾಲನ್ನು ಮುಗಿಸಿದ: ‘ಹಿಮ ಕರಗುವ ತನಕ.’

ಮೆಣಸು ಒಲೆಯಲ್ಲೇ ಸೀದುಹೋಯಿತು. ಯಾರೂ ತೆಗೆಯಲಿಲ್ಲ.

“ಅಯ್ಯೋ, ನೀನು ಇದನ್ನ ಕೇಳೇ ಇರ್ಲಿಲ್ವಾ?” ಲ್ಯುಡ್ಮಿಲಾಳ ದನಿ ಇಳಿಯಿತು. “ಕೇಳಿಯೂ ಬರ್ಲಿಲ್ಲ ಅಂದ್ಕೊಂಡು ಇಷ್ಟು ವರ್ಷ ನಿನಗೆ ಶಾಪ ಹಾಕ್ತಿದ್ನಲ್ಲೋ! ಆ ವಸಂತದಲ್ಲಿ ಪೆರ್ನಿಕ್ ಕಡೆಯಿಂದ ಯಾವ ರೈಲು ಬಂದ್ರೂ ವೆಸೆಲಾ ಬುರ್ಗಾಸ್ ಸ್ಟೇಷನ್ನಲ್ಲಿ ಇರ್ತಿದ್ಲು. ಚೆರ್ರಿ ಹಣ್ಣಾಗೋ ತನಕ ಕಾದ್ಲು ಕಣೋ.”

ಪೆಂಕೊನಿಗೆ ಕಳೆದುಹೋದ ಒಂದು ಇಡೀ ಬಾಳು, ಸಮುದ್ರದ ಪಕ್ಕದ ಮನೆ, ಅಡುಗೆಮನೆಯಲ್ಲಿ ಗುನುಗುವ ವೆಸೆಲಾ, ಎಲ್ಲ ಒಮ್ಮೆಗೇ ಬೇಕೆನಿಸಿತು. ಅವಳಿಗೀಗ ಗಂಡ ಇದ್ದಾನೆ, ಮೊಮ್ಮಗಳಿದ್ದಾಳೆ. ಅದು ಅವನಿಗೆ ಗೊತ್ತು. ಬೇಕೆನಿಸುವುದು ಗೊತ್ತಿದ್ದ ಮಾತ್ರಕ್ಕೆ ನಿಲ್ಲುತ್ತದೆಯೇ?

“ಈಗ ಹೇಳೋ,” ಎಂದ ಸ್ತೊಯಿಲ್ ಮೆಲ್ಲಗೆ, “ಯಾವುದು ಚೆನ್ನಾಗಿದೆ? ನಮ್ಮದೋ, ಪೂರ್ತಿಯದೋ?”

ಪೆಂಕೊ ಲ್ಯುಡ್ಮಿಲಾಳ ಕಡೆ ತಿರುಗಿದ. “ಅವಳ ನಂಬರ್ ಕೊಡು, ಲ್ಯುಡ್ಮಿಲಾ. ಏನೂ ಕೇಳಲ್ಲ. ನಾನು ಬೇಡ ಅಂದವನಲ್ಲ ಅಂತ ಮಾತ್ರ ಹೇಳ್ತೀನಿ.”

ಲ್ಯುಡ್ಮಿಲಾ ತಾನೇ ಕರೆ ಹಚ್ಚಿ, ಎರಡು ಮಾತಾಡಿ ಫೋನನ್ನು ಅವನ ಕೈಗಿತ್ತಳು. ಅವನು ಗ್ಯಾರೇಜಿನ ಗೋಡೆಯ ಕಡೆ ತಿರುಗಿ ನಿಂತ.

“ವೆಸೆಲಾ, ನಾನು ಪೆಂಕೊ. ನನ್ನ ಟೇಪು ‘ಬರಬೇಡ’ ಅನ್ನೋದ್ರಲ್ಲೇ ಮುಗಿದುಹೋಗಿತ್ತು ಕಣೆ. ಆಮೇಲಿಂದು ಇವತ್ತೇ ಕೇಳಿದ್ದು.”

ವಯಸ್ಸಾದರೂ ಅವನಿಗೆ ಗುರುತು ಸಿಗುವ ದನಿಯಲ್ಲಿ ಅವಳು ಕೇಳಿದಳು: “ಇಷ್ಟು ವರ್ಷದಲ್ಲಿ ಒಂದ್ಸಲಾನೂ, ಮುಂದೇನಿದೆ ಅಂತ ಹುಡುಕಬೇಕು ಅನ್ನಿಸ್ಲಿಲ್ವಾ ನಿಂಗೆ?”

ಅನ್ನಿಸಿತ್ತು. ಎಷ್ಟೋ ಸಲ ಅನ್ನಿಸಿತ್ತು.

“ಹೆದರಿಕೆ ಆಯ್ತು,” ಎಂದ ಪೆಂಕೊ. “ಮುಂದೇನೂ ಇಲ್ಲದೇ ಇದ್ರೆ ಅಂತ.”