ಬೊಳ್ಳಿಯ ಗೊರಸು

ಆಗೆಲ್ಲ ಮಳೆ ಬಿಡದ ಆಟಿ ತಿಂಗಳೆಂದರೆ ಚೆನ್ನೆಮಣೆ, ಸುಟ್ಟ ಹಲಸಿನ ಬೀಜ, ಮತ್ತು ಆಡಿನ ಕಾಲು ಕೊಳೆತ ವಾಸನೆ. ಮೊದಲಿನ ಎರಡನ್ನು ನೀವೂ ನೆನೆಯುತ್ತೀರಿ. ನನ್ನನ್ನು ಬಿಡದಿರುವುದು ಮೂರನೆಯದು.

ವೇಣೂರಿನ ಹತ್ತಿರ ನಮ್ಮ ಮನೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮನೆಗೆ ತಾಗಿದ ಕೊಟ್ಟಿಗೆಯಲ್ಲಿ, ನಮ್ಮ ಮಾತಿನಲ್ಲಿ ಹಟ್ಟಿಯಲ್ಲಿ, ಬೊಳ್ಳಿ ಎಂಬ ಒಂದೇ ಆಡು. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಅದು ಮುಂಗಾಲು ಮಡಚಿ, ಮೊಣಕಾಲೂರಿ ಮೇಯತೊಡಗಿತು. ನಾನು ನಕ್ಕೆ. ಅಮ್ಮ ನಗಲಿಲ್ಲ, ದನದ ಡಾಕ್ಟರನ್ನು ಕರೆಸಿದಳು.

ಅವರು ಗೊರಸು ಕೆತ್ತಿ, ಸಂದಿನಲ್ಲಿ ಕೊಳೆತದ್ದನ್ನು ತೆಗೆದು, ಮೈಲುತುತ್ತಿನ ನೀಲಿ ನೀರಿನಲ್ಲಿ ಕಾಲು ಅದ್ದಿಸಿದರು.

"ದಿನಾ ಹೀಗೆ ಮಾಡಿ ಅಕ್ಕ. ಆದರೆ ಹಟ್ಟಿ ಒಣಗಿರಬೇಕು. ಒದ್ದೆಯಲ್ಲಿ ನಿಂತರೆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ."

ಆಟಿಯಲ್ಲಿ ಹಟ್ಟಿಗೆ ಹಾಸಲು ಒಣಗಿದ್ದನ್ನು ಎಲ್ಲಿಂದ ತರುವುದು? ನಮ್ಮಲ್ಲಿ ಧಾರಾಳ ಇದ್ದದ್ದು ಬೀಡಿ ಎಲೆ ಕತ್ತರಿಸಿ ಉಳಿದ ಚೂರು. ಎಲೆಯನ್ನು ನೆನೆಸಿಯೇ ಕತ್ತರಿಸುವುದರಿಂದ ಅದೂ ಒದ್ದೆಯೇ.

"ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು, ಮತ್ತೆ ಹಟ್ಟಿಗೆ ಹಾಕು ಮಗಾ" ಎಂದಳು ಅಮ್ಮ.

ನಾಲ್ಕು ದಿನ ಹಾಗೆಯೇ ಮಾಡಿದೆ. ಆಮೇಲೆ ಏಣಿ ಹತ್ತಲು ಉದಾಸೀನವಾಯಿತು. ಚೆನ್ನೆಮಣೆಯ ಆಟ ಅರ್ಧಕ್ಕೆ ನಿಂತಿರುತ್ತಿತ್ತು. ಚೂರನ್ನು ಮೊರದಿಂದ ನೇರ ಹಟ್ಟಿಗೇ ಸುರಿದೆ.

"ಒಣಗಿಸಿದ್ದಾ?"

"ಹೌದಮ್ಮ."

ಹತ್ತು ದಿನ ಕಳೆದು ಬಂದ ಡಾಕ್ಟರು ಚೂರಿನೊಳಗೆ ಕೈಹಾಕಿದರು. ಅಡಿಯಲ್ಲೆಲ್ಲ ಬೂಸ್ಟು.

"ಇದು ಒದ್ದೆ ಉಂಟಲ್ಲ ಅಕ್ಕ."

"ನನ್ನದೇ ತಪ್ಪು ಡಾಕ್ಟ್ರೇ" ಎಂದಳು ಅಮ್ಮ, ನನ್ನ ಕಡೆ ನೋಡದೆ. ನಂಜು ಎಲುಬಿನವರೆಗೆ ಹೋಗಿತ್ತು. ಬೊಳ್ಳಿ ಮೇವು ಬಿಟ್ಟಿತು. ವಾರದೊಳಗೆ ಅದನ್ನು ಗೇರುಮರದ ಬುಡದಲ್ಲಿ ಹೂತೆವು.

ಈಗ ಹಟ್ಟಿಯ ಜಾಗದಲ್ಲಿ ನನ್ನ ಸ್ಕೂಟರ್ ನಿಲ್ಲುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳ ಸಂದಿನ ಹುಣ್ಣು ಈ ಮಳೆಗಾಲದಲ್ಲೂ ಮಾಯಲಿಲ್ಲ. ಕೆಲಸದಿಂದ ದಣಿದು ಬಂದು ದಿನಾ ತೊಳೆದು ಒರೆಸುತ್ತೇನೆ. ನನಗೂ ಸಾಕಾಗಿದೆ, ಅವಳಿಗೂ ಸಾಕಾಗಿದೆ. ಮೊನ್ನೆ ಒಮ್ಮೆ ಒರೆಸಿದ್ದನ್ನೇ ಎರಡನೆಯ ಸಲ ಒರೆಸುವಾಗ ಅಮ್ಮ ಹೇಳಿದಳು:

"ಸಾಕು, ಒಣಗಿತು. ಬೊಳ್ಳಿಯ ಡಾಕ್ಟ್ರ ಹತ್ರ ನನ್ನದೇ ತಪ್ಪು ಅಂತ ನಾನು ಆವತ್ತು ಹೇಳಿದ್ದು ಸುಳ್ಳಲ್ಲ ಮಗಾ. ಹಟ್ಟಿಗೆ ಹೋಗಿ ಒಮ್ಮೆ ಕೈಹಾಕಿ ನೋಡ್ಲಿಕ್ಕೆ ನನಗೂ ಉದಾಸೀನ ಆಗಿತ್ತು."

ಇಷ್ಟು ವರ್ಷ ಅವಳು ನನ್ನನ್ನು ಕಾಪಾಡಿದಳೆಂದೇ ತಿಳಿದಿದ್ದೆ. ಅವಳಿಗೂ ಬೊಳ್ಳಿಯ ಆರೈಕೆ ಭಾರವಾಗಿಯೇ ಇತ್ತು. ಏಣಿ ಹತ್ತಲು ನನ್ನ ಕಾಲಲ್ಲಿ ಬಲವಿದ್ದ, ಹಟ್ಟಿಯವರೆಗೆ ನಡೆಯಲು ಅವಳ ಕಾಲಲ್ಲಿ ಬಲವಿದ್ದ ದಿನಗಳವು. ಇಬ್ಬರೂ ಹೋಗಲಿಲ್ಲ.